ನೆಟ್‌ವರ್ಕ್ ಇರೋ ಬ್ಲೂ-ರೇ ಪ್ಲೇಯರ್‌ನಲ್ಲಿ ಎಚ್‌ಡಿ ಫೈಲ್ ಸರಿಯಾಗಿ ಓಡುತ್ತಾ? ಬಳಸಿದವರು ಹೇಳಿ

ನಮಸ್ಕಾರ, ಒಂದು ಸಲಹೆ ಬೇಕಿತ್ತು. ನನ್ನ ಹತ್ರ ಡಿವಿಡಿ, ಬ್ಲೂ-ರೇ ಸೇರಿ ಇನ್ನೂರು ಡಿಸ್ಕ್ ಇವೆ, ಅದರ ಜೊತೆ ನಾವೇ ತೆಗೆದ ವಿಡಿಯೋ, ಎಂಕೆವಿ ಫೈಲ್ ಅಂತ ಕಂಪ್ಯೂಟರಲ್ಲಿ 2 ಟಿಬಿ ದಾಟಿದೆ. ಎರಡಕ್ಕೂ ಒಂದೇ ಡಬ್ಬಿ ಸಾಕು ಅಂತ ನೆಟ್‌ವರ್ಕ್ ಇರೋ ಬ್ಲೂ-ರೇ ಪ್ಲೇಯರ್ ತಗೊಳ್ಳೋ ಯೋಚನೆ. ಸ್ನೇಹಿತರ ಮನೇಲಿ ಒಂದು ನೋಡಿದೆ, ಡಿಸ್ಕ್ ಹಾಕಿದ್ರೆ ಎಷ್ಟು ಚೆಂದ ಬರ್ತಿತ್ತು, ಆದ್ರೆ ಕಂಪ್ಯೂಟರಿಂದ ವೈಫೈ ಮೇಲೆ ಫೈಲ್ ಹಾಕಿದ್ರೆ ನಿಂತು ನಿಂತು ಬರ್ತಿತ್ತು, ಕೆಲವು ಫೈಲಂತೂ ಪಟ್ಟೀಲೇ ಕಾಣಲಿಲ್ಲ. ಎಲ್ಲಾ ಪ್ಲೇಯರೂ ಹೀಗೇನಾ? ತಗೊಳ್ಳೋ ಮುಂಚೆ ಏನು ನೋಡ್ಬೇಕು?

———

ಏಳೆಂಟು ವರ್ಷದಿಂದ ಇಂಥದ್ದೇ ಬಳಸ್ತಿದೀನಿ, ಈಗಿರೋದು ಎರಡನೇದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಮೊದಲು ಆ ಸ್ನೇಹಿತರ ಮನೇಲಿ ತೊಂದರೆ ಪ್ಲೇಯರಿಂದೋ, ವೈಫೈದೋ, ಫೈಲಿಂದೋ ಅಂತ ಗೊತ್ತಾಗ್ಬೇಕು, ಅದು ತಿಳಿಯದೆ ಏನೂ ತಗೋಬೇಡಿ. ಕಂಡುಹಿಡಿಯೋದು ಸುಲಭ. ನಿಂತು ನಿಂತು ಬಂದ ಅದೇ ಫೈಲನ್ನ ಪೆನ್‌ಡ್ರೈವ್‌ಗೆ ಹಾಕಿ ಪ್ಲೇಯರಿಗೆ ಚುಚ್ಚಿ ನೋಡಿ. ಹಾಗೆ ನೀಟಾಗಿ ಓಡಿದ್ರೆ ತೊಂದರೆ ನೆಟ್‌ವರ್ಕಲ್ಲಿದೆ, ಅಲ್ಲೂ ನಿಂತು ನಿಂತು ಬಂದ್ರೆ ಆ ಫೈಲು ಪ್ಲೇಯರ್ ಒಳಗಿರೋ ಚಿಪ್‌ಗೆ ಒಗ್ತಿಲ್ಲ ಅಂತ.

ನನಗೆ ಇದು ಅರ್ಥ ಆಗಿದ್ದು ಒಂದು ಸಮುದ್ರದ ವಿಡಿಯೋದಿಂದ. ಮಕ್ಕಳು ಮರಳಲ್ಲಿ ಆಡ್ತಿರೋವರೆಗೂ ಚೆನ್ನಾಗಿ ಬರೋದು, ಕ್ಯಾಮೆರಾ ಅಲೆ ಕಡೆ ತಿರುಗಿ ಪರದೆ ತುಂಬ ನೊರೆ ಬಂತು ಅಂದ್ರೆ ಅಲ್ಲೇ ಗಕ್ಕಂತ ನಿಲ್ಲೋದು. ನೊರೆ ಅಂದ್ರೆ ಪ್ರತಿ ಫ್ರೇಮಲ್ಲೂ ಪ್ರತಿ ಚುಕ್ಕೆ ಬದಲಾಗುತ್ತೆ, ಕುಗ್ಗಿಸೋಕೆ ಏನೂ ಸಿಗಲ್ಲ, ಹಾಗಾಗಿ ಆ ಜಾಗದಲ್ಲಿ ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಬೇಕಾಗೋ ಡೇಟಾ, ಸರ್ರನೆ ಮೇಲೇರುತ್ತೆ. ಫೈಲಿನ ಸರಾಸರಿ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಅಂತ ತೋರಿಸ್ತಿತ್ತು, ನಾನು ವೈಫೈಗೆ ಇಷ್ಟು ಬೇಕಾದಷ್ಟಾಯ್ತು ಅಂದ್ಕೊಂಡಿದ್ದೆ, ಆದ್ರೆ ನೊರೆ ಬಂದಾಗ ಅದರ ಎರಡರಷ್ಟು ಬೇಕಿತ್ತು. ಪ್ಲೇಯರ್‌ಗೂ ರೌಟರ್‌ಗೂ ಲ್ಯಾನ್ ಕೇಬಲ್ ಎಳೆದ ದಿನ ಅದೇ ಅಲೆ ಒಂದ್ಸಲಾನೂ ನಿಲ್ಲದೆ ದಡಕ್ಕೆ ಬಂತು, ನಾವೆಲ್ಲ ಎರಡೆರಡು ಸಲ ನೋಡಿದ್ವಿ.

ಲೆಕ್ಕಕ್ಕೆ ಹೇಳೋದಾದ್ರೆ ಡಿವಿಡಿ ಹೆಚ್ಚು ಅಂದ್ರೆ 10 ಎಂಬಿಪಿಎಸ್, ಬ್ಲೂ-ರೇಲಿ ಚಿತ್ರಕ್ಕೆ 40ರವರೆಗೆ, ಧ್ವನಿ ಎಲ್ಲಾ ಸೇರಿ 48. ಮಾಮೂಲಿ 100 ಎಂಬಿಪಿಎಸ್ ಲ್ಯಾನ್ ಪೋರ್ಟ್ ಇಷ್ಟಕ್ಕೆ ಧಾರಾಳ. 4ಕೆ ಬ್ಲೂ-ರೇ ಮಾತ್ರ 128ರವರೆಗೆ ಹೋಗ್ಬಹುದು, ಅಷ್ಟು ಭಾರದ ಫೈಲ್ ಇದ್ರೆ ಆ ಪೋರ್ಟ್ ಸಾಲಲ್ಲ, ಗಿಗಾಬಿಟ್ ಇದೆಯಾ ನೋಡಿ, ಇಲ್ಲ ಅಂದ್ರೆ ಹಾರ್ಡ್‌ಡಿಸ್ಕನ್ನ ಯುಎಸ್‌ಬಿಗೇ ಹಾಕಿ.

———

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಫೈಲ್ ಬಗ್ಗೆ ನಾನು ಸೇರಿಸ್ತೀನಿ. ಡಬ್ಬಿ ಮೇಲೆ "ಎಂಕೆವಿ ಓಡುತ್ತೆ" ಅಂತ ಬರೆದಿರೋದನ್ನ ನಂಬಿ ತಗೋಬೇಡಿ. ಎಂಕೆವಿ ಅನ್ನೋದು ಬರೀ ಚೀಲ, ಒಳಗೆ ಏನು ತುಂಬಿದೆ ಅನ್ನೋದೇ ಮುಖ್ಯ. ಚಿತ್ರ ಕುಗ್ಗಿಸಿರೋ ವಿಧಾನ ಎಚ್.264 ಇರಬಹುದು, ಎಚ್‌ಇವಿಸಿ ಇರಬಹುದು, ಹಳೇ ಎಂಪೆಗ್-2 ಇರಬಹುದು. ಎಚ್‌ಇವಿಸಿ ಬಂದಿದ್ದೇ 2013ರಲ್ಲಿ, ಅದಕ್ಕಿಂತ ಹಳೇ ಪ್ಲೇಯರ್ ಅದನ್ನ ಓಡಿಸಲ್ಲ, ಯಾವ ಅಪ್‌ಡೇಟ್ ಹಾಕಿದ್ರೂ ಅಷ್ಟೇ ಯಾಕಂದ್ರೆ ಆ ಕೆಲಸ ಚಿಪ್ಪಲ್ಲಿ ಆಗಬೇಕು.

ಮೀಡಿಯಾಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಫೈಲ್ ತೆಗೆದ್ರೆ ಒಳಗಿನ ಜಾತಕ ಪೂರ್ತಿ ಬರುತ್ತೆ. ಎಚ್.264 ಫೈಲಾದ್ರೆ ಮೂರು ಸಾಲು ನೋಡಿ. ಬಿಟ್ ಡೆಪ್ತ್ (ಬಣ್ಣದ ಛಾಯೆ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ) 8 ಇರಬೇಕು, 10 ಅಂತ ಇದ್ರೆ ಹೆಚ್ಚಿನ ಡಿಸ್ಕ್ ಪ್ಲೇಯರ್‌ಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ಹೋಗುತ್ತೆ ಇಲ್ಲ ಓಡೋದೇ ಇಲ್ಲ. ಲೆವೆಲ್ (ಫೈಲ್ ಓಡಿಸೋಕೆ ಪ್ಲೇಯರ್‌ಗೆ ಎಷ್ಟು ಶಕ್ತಿ ಬೇಕು ಅನ್ನೋ ಮಟ್ಟ) 4.1ರ ಒಳಗಿರಬೇಕು. ರೆಫರೆನ್ಸ್ ಫ್ರೇಮ್ (ಒಂದು ಫ್ರೇಮ್ ಬಿಡಿಸೋಕೆ ನೆನಪಲ್ಲಿ ಇಟ್ಕೋಬೇಕಾದ ಬೇರೆ ಫ್ರೇಮ್‌ಗಳ ಲೆಕ್ಕ) 1080ಪಿಗೆ 4 ಇದ್ರೆ ಕ್ಷೇಮ, ಯಾರೋ 16 ಇಟ್ಟು ಕುಗ್ಗಿಸಿರ್ತಾರೆ, ಅದು ಕಂಪ್ಯೂಟರಲ್ಲಿ ಓಡುತ್ತೆ ಪ್ಲೇಯರಲ್ಲಿ ಮುಗ್ಗರಿಸುತ್ತೆ.

ಇನ್ನೊಂದು, ಇದು ನನ್ನ ಎರಡು ವಾರ ತಿಂದಿದ್ದು. ಒಂದಷ್ಟು ಹಳೇ ಎಂಕೆವಿಗಳು ಎಲ್ಲಾ ಲೆಕ್ಕದಲ್ಲೂ ಸರಿ ಇದ್ರೂ ಪ್ಲೇಯರಲ್ಲಿ ಕಪ್ಪು ಪರದೆ. ಕೊನೆಗೆ ನೋಡಿದ್ರೆ ಎಂಕೆವಿ ಮಾಡೋ ಸಾಫ್ಟ್‌ವೇರ್ ಒಂದು ಕಾಲದಲ್ಲಿ ಚಿತ್ರ, ಧ್ವನಿ ಟ್ರ್ಯಾಕ್‌ಗಳ ಹೆಡರ್ (ಶುರುವಿನ ಮಾಹಿತಿ) ಕುಗ್ಗಿಸಿ ಬರೀತಿತ್ತು, ಅದು ಎಷ್ಟೋ ಪ್ಲೇಯರ್‌ಗೆ ತಿಳಿಯಲ್ಲ. ಎಂಕೆವಿಟೂಲ್‌ನಿಕ್ಸ್ ಅನ್ನೋ ಎಂಕೆವಿ ಸಾಫ್ಟ್‌ವೇರಲ್ಲಿ ಫೈಲ್ ಹಾಕಿ ಪ್ರತಿ ಟ್ರ್ಯಾಕಿಗೂ ಕಂಪ್ರೆಷನ್ ಬೇಡ ಅಂತ ಆರಿಸಿ ಮತ್ತೆ ಸೇವ್ ಮಾಡಿದೆ, ಕೆಲವೇ ನಿಮಿಷದ ಕೆಲಸ, ಚಿತ್ರ ಹೊಸದಾಗಿ ಕುಗ್ಗಲ್ಲ ಹಾಗಾಗಿ ಗುಣಮಟ್ಟ ಒಂದು ಚೂರೂ ಕಡಿಮೆ ಆಗಲ್ಲ. ಎಲ್ಲಾ ಓಡ್ತು.

———

ಫೈಲ್ ಪಟ್ಟೀಲೇ ಕಾಣಲಿಲ್ಲ ಅಂದ್ರಲ್ಲ, ಅದು ಡಿಎಲ್‌ಎನ್‌ಎ, ಅಂದ್ರೆ ಮನೆ ನೆಟ್‌ವರ್ಕಲ್ಲಿ ಫೈಲ್ ಹಂಚೋ ಪದ್ಧತಿ, ಅದರ ತೊಂದರೆ ಇರಬೇಕು. ಅದರ ನಿಯಮದಲ್ಲಿ ಎಂಕೆವಿ ಓಡಿಸಲೇಬೇಕು ಅಂತ ಎಲ್ಲೂ ಇಲ್ಲ, ಹಾಗಾಗಿ ಪ್ಲೇಯರ್‌ಗೆ ಗೊತ್ತಿಲ್ಲದ ಬಗೆ ಅಂತ ಅನ್ನಿಸಿದ್ರೆ ಫೈಲನ್ನ ಬಚ್ಚಿಟ್ಟುಬಿಡುತ್ತೆ, ಅದೇ ಫೈಲ್ ಯುಎಸ್‌ಬಿಲಿ ಆರಾಮಾಗಿ ಓಡುತ್ತೆ. ಕಂಪ್ಯೂಟರ್ ಕಡೆ ಸರ್ವರ್ ಸಾಫ್ಟ್‌ವೇರ್ ಬದಲಾಯಿಸಿ ನೋಡಿ, ಯೂನಿವರ್ಸಲ್ ಮೀಡಿಯಾ ಸರ್ವರ್ ಹಾಕಿದ ಮೇಲೆ ನನಗೆ ಎಲ್ಲಾ ಕಾಣೋಕೆ ಶುರುವಾಯ್ತು. ಆದ್ರೆ ಸರ್ವರ್ ಹಿಂದೆ ಕೂತು ಫೈಲನ್ನ ಬೇರೆ ಬಗೆಗೆ ಪರಿವರ್ತನೆ ಮಾಡಿ ಕಳಿಸ್ತಿದೆಯಾ ಅಂತ ಒಂದ್ಸಲ ಸೆಟ್ಟಿಂಗ್ಸ್ ನೋಡ್ಕೊಳ್ಳಿ. ಹಾಗೆ ಮಾಡಿದ್ರೆ ಓಡೋದೇನೋ ಓಡುತ್ತೆ, ಚಿತ್ರ ಮಸುಕಾಗುತ್ತೆ, ಇಷ್ಟೆಲ್ಲ ಕಷ್ಟಪಟ್ಟು ಎಚ್‌ಡಿ ಇಟ್ಕೊಂಡು ಏನು ಬಂತು.

ಹಳೇ ಪ್ಲೇಯರ್ ವಿಂಡೋಸ್ ಶೇರ್ ಫೋಲ್ಡರ್ ಹುಡುಕಿ ಸಿಗಲಿಲ್ಲ ಅಂದ್ರೆ ಕಾರಣ ಬೇರೆ. ಅವಕ್ಕೆ ಬರೋದು ಫೋಲ್ಡರ್ ಹಂಚೋ ಹಳೇ ಪದ್ಧತಿಯಾದ ಎಸ್‌ಎಂಬಿ-1 ಮಾತ್ರ, ಮೈಕ್ರೋಸಾಫ್ಟ್ ಅದನ್ನ ಭದ್ರತೆ ದೃಷ್ಟಿಯಿಂದ ವಿಂಡೋಸ್ 10ರ 2017ರ ಅಪ್‌ಡೇಟಿಂದ ತೆಗೆದಿಟ್ಟಿದೆ. ಪ್ಲೇಯರ್ ಸಲುವಾಗಿ ಅದನ್ನ ಮತ್ತೆ ಆನ್ ಮಾಡಬೇಡಿ, ದಯವಿಟ್ಟು.

———

ಧ್ವನಿ ಬಗ್ಗೆ ಯಾರೂ ಹೇಳ್ಲಿಲ್ಲ. ಡಿಟಿಎಸ್-ಎಚ್‌ಡಿ ಮಾಸ್ಟರ್, ಡಾಲ್ಬಿ ಟ್ರೂಎಚ್‌ಡಿ ಅನ್ನೋ ಗುಣಮಟ್ಟ ಕಳೆಯದ ಧ್ವನಿ ಇರೋ ಫೈಲ್ ಇದ್ರೆ ಪ್ಲೇಯರಿಂದ ಆಂಪ್ಲಿಫೈಯರ್‌ಗೆ ಎಚ್‌ಡಿಎಂಐಲೇ ಕೊಡಿ, ಆಪ್ಟಿಕಲ್ ವೈರಲ್ಲಿ ಅವು ಪೂರ್ತಿ ಬರಲ್ಲ. ಮತ್ತೆ ಸಿನಿಮಾ ಫೈಲ್ ಓಡ್ತಾ ಓಡ್ತಾ ಧ್ವನಿ ನಿಂತು ಪರದೆ ಮೇಲೆ ಸಿನೇವಿಯಾ ಅಂತ ಸಂದೇಶ ಬಂದ್ರೆ ಪ್ಲೇಯರ್ ಕೆಟ್ಟಿಲ್ಲ. ಸಿನಿಮಾ ಧ್ವನಿಯೊಳಗೇ ಒಂದು ಗುರುತು ಅಡಗಿಸಿರ್ತಾರೆ, 2012ರಿಂದ ಬರೋ ಬ್ಲೂ-ರೇ ಪ್ಲೇಯರ್‌ಗಳು ಅದನ್ನ ಪತ್ತೆ ಮಾಡಲೇಬೇಕು. ಡಿಸ್ಕ್ ಇದ್ರೆ ಡಿಸ್ಕನ್ನೇ ಹಾಕ್ಕೊಂಡು ನೋಡಿ. ನೀವೇ ತೆಗೆದ ವಿಡಿಯೋಗೆ ಇದರ ಕಾಟ ಇಲ್ಲ.

———

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಒಂದೇ ಡಬ್ಬಿ ಆಸೆ ಬಿಡಿ. ಡಿಸ್ಕ್ ಪ್ಲೇಯರ್‌ಗೆ ಎರಡು ಮೂರು ವರ್ಷ ಅಪ್‌ಡೇಟ್ ಬಂದ್ರೆ ಹೆಚ್ಚು, ಆಮೇಲೆ ಹೊಸ ಬಗೆಯ ಫೈಲ್ ಬಂದ್ರೆ ದೇವರೇ ಗತಿ. ಫೈಲ್ ಓಡಿಸೋದ್ರಲ್ಲಿ ಹೆಸರು ಮಾಡಿದ್ದ ಒಪ್ಪೋ 2018ರಲ್ಲಿ ಪ್ಲೇಯರ್ ಮಾಡೋದು ನಿಲ್ಲಿಸ್ತು, ಮರುವರ್ಷ ಸ್ಯಾಮ್‌ಸಂಗ್ ಕೂಡ ಹೊರಗೆ ಬಂತು. ಡಿಸ್ಕಿಗೆ ಒಳ್ಳೆ ಪ್ಲೇಯರ್, ಫೈಲಿಗೆ ಕೋಡಿ (Kodi) ಅನ್ನೋ ಮೀಡಿಯಾ ಸಾಫ್ಟ್‌ವೇರ್ ಓಡೋ ಪುಟ್ಟ ಪೆಟ್ಟಿಗೆ, ಹೀಗೆ ಬೇರೆ ಬೇರೆ ಇದ್ರೆ ಒಂದು ಹಳೇದಾದ್ರೂ ಇನ್ನೊಂದು ಉಳಿಯುತ್ತೆ. ನನಗಂತೂ ಡಿಸ್ಕ್ ಮೇಲೆ ಪ್ರೀತಿ, ಆ ಪ್ಲೇಯರನ್ನ ಫೈಲ್ ಕೆಲಸಕ್ಕೆ ಬಳಸದೆ ಡಿಸ್ಕಿಗೆ ಅಂತಲೇ ಜೋಪಾನ ಮಾಡ್ಕೊಂಡಿದೀನಿ.

———

ಪ್ರಶ್ನೆ ಕೇಳಿದವನು ನಾನೇ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರ ಅಂತ ಅಂದ್ಕೊಂಡಿರಲಿಲ್ಲ. ಹೇಳಿದ ಹಾಗೇ ಮಾಡಿದೆ. ನನ್ನಲ್ಲಿರೋ ತರಲೆ ಫೈಲ್ ಆರು ಆರಿಸಿ ಪೆನ್‌ಡ್ರೈವಲ್ಲಿ ಸ್ನೇಹಿತರ ಮನೆಗೆ ತಗೊಂಡು ಹೋದೆ. ಎರಡು ಕಾಪಿನೇ ಆಗ್ಲಿಲ್ಲ, ಪೆನ್‌ಡ್ರೈವ್ ಎಫ್‌ಎಟಿ-32 ಫಾರ್ಮ್ಯಾಟಲ್ಲಿ ಇತ್ತು, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರಲ್ಲ, ಎನ್‌ಟಿಎಫ್‌ಎಸ್ ಮಾಡಿ ಮತ್ತೆ ಹಾಕ್ದೆ. ಆರರಲ್ಲಿ ಐದು ನೀಟಾಗಿ ಓಡ್ತು! ಓಡದ ಒಂದು 10 ಬಿಟ್ದು. ಅಂದ್ರೆ ಪ್ಲೇಯರ್ ಪಾಪ ಚೆನ್ನಾಗೇ ಇದೆ, ತೊಂದರೆ ವೈಫೈದು. ಉದ್ದ ಕೇಬಲ್ ಒಂದು ತಂದು ಹಾಲ್ ತುಂಬ ಎಳೆದ್ವಿ, ಅಲ್ಲಿಂದಾಚೆ ನಿಂತಿಲ್ಲ. ನಾನು ಅದೇ ಮಾಡೆಲ್ ತಗೊಳ್ತಿದೀನಿ, ಕೇಬಲ್ ಸಮೇತ. ಒಂದೇ ಒಂದು ಉಳೀತು, ಕನ್ನಡ ಸಬ್‌ಟೈಟಲ್ ಹಾಕಿದ್ರೆ ಬರೀ ಚೌಕ ಡಬ್ಬಿ ಬರ್ತಿದೆ, ಇಂಗ್ಲಿಷ್ ಸರಿ ಇದೆ.

———

ಪ್ಲೇಯರ್ ಒಳಗೆ ಕನ್ನಡ ಫಾಂಟ್ ಇಲ್ಲ ಅಂತ ಅದು. ಮೊದಲು ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲನ್ನ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಸೇವ್ ಮಾಡಿ ನೋಡಿ, ಆದ್ರೂ ಬರಲಿಲ್ಲ ಅಂದ್ರೆ, ಅಥವಾ ಬಂದ್ರೂ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ರೆ, ಸಬ್‌ಟೈಟಲ್ ಎಡಿಟ್ ಅನ್ನೋ ಸಾಫ್ಟ್‌ವೇರಲ್ಲಿ ಅದನ್ನ ಬ್ಲೂ-ರೇ ಎಸ್‌ಯುಪಿ ಮಾಡಿ ಎಂಕೆವಿಟೂಲ್‌ನಿಕ್ಸಲ್ಲಿ ಫೈಲಿಗೆ ಸೇರಿಸಿ. ಆಗ ಪ್ರತಿ ಸಾಲೂ ಚಿತ್ರವಾಗಿ ಹೋಗುತ್ತೆ, ಫಾಂಟಿನ ಹಂಗೇ ಇರಲ್ಲ. ಚಿತ್ರ ಮಾಡೋವಾಗ ಅಕ್ಷರ ಸ್ವಲ್ಪ ದಪ್ಪ ಇಡಿ, ಇಲ್ಲ ಅಂದ್ರೆ ದೂರ ಕೂತವರಿಗೆ ಒತ್ತು ಕಾಣಲ್ಲ. ನಾನು ಅಮ್ಮನಿಗೋಸ್ಕರ ಹೀಗೆ ಒಂದಷ್ಟು ಮಾಡ್ಕೊಟ್ಟಿದೀನಿ, ಕನ್ನಡಕ ಇಲ್ಲದೇನೂ ಓದ್ತಾರೆ.