ಲೆವಿನಾಸ್ ಹೇಳುವ ‘ಮುಖ’ ಎಲ್ಲಿಂದ ಬಂತು?

ಪ್ರಶ್ನೆ: ಎಂಎ ಸೆಮಿನಾರಿಗೆ ಫ್ರೆಂಚ್ ಯಹೂದಿ ತತ್ವಜ್ಞಾನಿ ಇಮ್ಯಾನುಯೆಲ್ ಲೆವಿನಾಸ್ ಓದ್ತಿದ್ದೀನಿ. ಎದುರಿಗಿರುವವನ ಮುಖವೇ ‘ಕೊಲ್ಲಬೇಡ’ ಅನ್ನುತ್ತಂತೆ. ಇದು ತತ್ವಶಾಸ್ತ್ರವೋ, ಯಹೂದಿ ಧರ್ಮವೋ? ಮೂರು ಸಲ ಓದಿದೆ, ತಲೆ ಕೆಟ್ಟಿದೆ.

ಉತ್ತರ 1: ಬಿಡಿಸಿ ನೋಡೋದು ಕಷ್ಟ. ಅವರು ಮತ್ತೆ ಮತ್ತೆ ಬರೆಯುವ ‘ವಿಧವೆ, ಅನಾಥ, ಪರದೇಶಿ’ ಹೀಬ್ರೂ ಬೈಬಲಿನದೇ. ಆದರೂ ತಾಲ್ಮುದ್ (ಯಹೂದಿ ಧರ್ಮಶಾಸ್ತ್ರದ ಗ್ರಂಥ) ಕುರಿತ ಉಪನ್ಯಾಸಗಳನ್ನು ತತ್ವಶಾಸ್ತ್ರದ ಪುಸ್ತಕಗಳ ಜೊತೆ ಬೆರೆಸದೆ ಬೇರೆ ಪ್ರಕಾಶಕರಿಗೆ ಕೊಡುತ್ತಿದ್ದರು!

ಉತ್ತರ 2: ಬದುಕನ್ನೂ ನೋಡಪ್ಪ. ಹುಟ್ಟಿದ್ದು ಲಿಥುವೇನಿಯಾದ ಕೌನಾಸ್‌ನಲ್ಲಿ. 1940ರಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರಿಗೆ ಸೆರೆಸಿಕ್ಕರು. ಯಹೂದಿಯಾದರೂ ಯುದ್ಧಕೈದಿ ಎಂದು ಇಟ್ಟುಕೊಂಡಿದ್ದರಿಂದ ಆ ಸಮವಸ್ತ್ರವೇ ಜೀವ ಉಳಿಸಿತು. ಊರಲ್ಲಿದ್ದ ಅಪ್ಪ, ಅಮ್ಮ, ತಮ್ಮಂದಿರು ಉಳಿಯಲಿಲ್ಲ. ಕ್ಯಾಂಪಿನಲ್ಲಿ ಬಾಬಿ ಎಂಬ ಬೀದಿನಾಯಿಗೆ ಮಾತ್ರ ಯಹೂದಿ ಕೈದಿಗಳು ಮನುಷ್ಯರಾಗಿ ಕಂಡರಂತೆ. 1974ರ ಪುಸ್ತಕದ ಅರ್ಪಣೆಯಲ್ಲಿ ಮನೆಯವರ ಹೆಸರುಗಳು ಹೀಬ್ರೂ ಲಿಪಿಯಲ್ಲಿವೆ.

ಪ್ರಶ್ನೆ ಕೇಳಿದವರು: ನಾಯಿ ಕಥೆ ಗೊತ್ತಿರಲಿಲ್ಲ ಸಾರ್. ಸೆಮಿನಾರ್ ಅಲ್ಲಿಂದಲೇ ಶುರು ಮಾಡ್ತೀನಿ.