ಕೀಲುಗೊಂಬೆ ಕಾಡುಪಾಪ: ಅಚ್ಚು ಜಿಗುಟು, ರೆಸಿನ್ ಉಕ್ಕುತ್ತಿದೆ, ಗೊಂಬೆ ಕೂರುತ್ತಿಲ್ಲ

ಸಂಜೆಮಣ್ಣು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು. ಎಂಟು ತಿಂಗಳಿಂದ ಒಂದು ಕಾಡುಪಾಪ ಮಾಡುತ್ತಿದ್ದೇನೆ. ಅದೇ, ಕಡ್ಡಿಯಂಥ ಕೈಕಾಲು, ಮುಖದ ತುಂಬಾ ಕಣ್ಣು, ಬಾಲ ಇಲ್ಲದ್ದು. ಸುಮ್ನೆ ಇಡುವ ಮೂರ್ತಿ ಅಲ್ಲ, ಕೀಲುಗೊಂಬೆ. ಒಂದು ತುಂಡಿನ ತುದಿಯಲ್ಲಿ ಗುಂಡು, ಇನ್ನೊಂದರಲ್ಲಿ ಬಟ್ಟಲು, ಒಳಗೆ ಎಲಾಸ್ಟಿಕ್ ಎಳೆದು ಕಟ್ಟುವುದು. ಜಪಾನಿನವರು ಮಾಡುವ ಹುಡುಗಿ ಗೊಂಬೆಗಳನ್ನು ನೋಡಿ ಹುಚ್ಚು ಹಿಡಿಯಿತು, ಆದರೆ ನನಗೆ ಹುಡುಗಿ ಬೇಡ, ಪ್ರಾಣಿ ಬೇಕಿತ್ತು. ನಿಜವಾದ ಪ್ರಾಣಿಯಷ್ಟೇ ದೊಡ್ಡದಿರಲಿ ಅಂತ ನೆತ್ತಿಯಿಂದ ಬೆನ್ನಿನ ಕೊನೆಗೆ 22 ಸೆಂ.ಮೀ. ಇಟ್ಟಿದ್ದೇನೆ.

ತಲೆ, ಮೈ ಎರಡನ್ನೂ ಎಣ್ಣೆಮಣ್ಣಿನಲ್ಲಿ ಮಾಡಿದೆ. ಕೈಕಾಲು ತೆಳ್ಳಗಿರುವುದರಿಂದ ತಂತಿಯ ಮೇಲೆ ಎಂ-ಸೀಲ್ (ಎಪಾಕ್ಸಿ ಪುಟ್ಟಿ) ಮೆತ್ತಿ, ಉಜ್ಜಿ ಉಜ್ಜಿ ನುಣುಪು ಮಾಡಿದೆ. ಇಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಶುರುವಾಯಿತು ನೋಡಿ.

ಆನ್‌ಲೈನಿನಲ್ಲಿ ಸಮಸಮ ಬೆರೆಸುವ ಸಿಲಿಕೋನ್ ತರಿಸಿ ತಲೆಗೆ ಅಚ್ಚು ಹಾಕಿದೆ. ಹೊರಗೆಲ್ಲ ರಬ್ಬರಿನ ಹಾಗೆ ಗಟ್ಟಿ, ಮಣ್ಣಿಗೆ ತಾಗಿದ ಕಡೆ ಮಾತ್ರ ಹಲಸಿನ ಮೇಣ! ಮೂರು ದಿನ ಬಿಟ್ಟರೂ ಹಾಗೇ ಇತ್ತು. ಕೈಕಾಲಿನ ಅಚ್ಚಿಗೆ ಗೆಳತಿ ಕೊಟ್ಟ ಬೇರೆ ಸಿಲಿಕೋನ್ ಬಳಸಿದೆ, ಹಾರ್ಡನರನ್ನು ಸ್ವಲ್ಪವೇ ಹಾಕುವ ಜಾತಿಯದು. ಅದು ಸರಿಯಾಗಿ ಬಂತು. ಅದಕ್ಕೆ ಪಾಲಿಯುರೆಥೇನ್ ರೆಸಿನ್ ಹೊಯ್ದೆ. ಬರೀ ಬಿಳಿ ಬೇಡ ಅಂತ ಒಂದು ಹನಿ ಕಂದು ಅಕ್ರಿಲಿಕ್ ಬಣ್ಣ ಹಾಕಿದ್ದೆ. ಇಡ್ಲಿ ಹಿಟ್ಟಿನ ಹಾಗೆ ಉಕ್ಕಿ ಬಾಯಿಂದ ಹೊರಗೆ ಬಂತು. ಒಡೆದು ನೋಡಿದರೆ ಒಳಗೆಲ್ಲ ತೂತು.

ಮೂರನೆಯದು. ತಾಳ್ಮೆ ಕೆಟ್ಟು ಎಂ-ಸೀಲಿನ ಮೂಲ ಕಾಲುಗಳಿಗೇ ಎಲಾಸ್ಟಿಕ್ ಹಾಕಿ ನೋಡಿದೆ. ಮೊಣಕಾಲು ಮಡಚಿ ಕೈ ಬಿಟ್ಟ ಕೂಡಲೇ ಚಟ್ ಅಂತ ಒದೆಯುತ್ತದೆ. ಕಾಡುಪಾಪ ಕೊಂಬೆ ತಬ್ಬಿ ಕೂರಬೇಕು, ಇದು ಕಬಡ್ಡಿ ಆಡುತ್ತಿದೆ.

ಯಾವುದನ್ನು ಮೊದಲು ಸರಿಮಾಡಲಿ?

ಹಲ್ಲುಸೆಟ್ಟು

ಮೇಡಂ, ನಾನು ಡೆಂಟಲ್ ಲ್ಯಾಬ್ ಟೆಕ್ನಿಶಿಯನ್, ದಾವಣಗೆರೆ. ಗೊಂಬೆ ಮಾಡಿ ಗೊತ್ತಿಲ್ಲ, ಆದರೆ ಅಚ್ಚು ಮತ್ತು ಎರಕ ನನ್ನ ಹೊಟ್ಟೆಪಾಡು. ನಿಮ್ಮ ಮೊದಲನೇ ತೊಂದರೆ ನಾವು ದಿನಾ ನೋಡುವಂಥದ್ದು. ಸಮಸಮ ಬೆರೆಸುವ ಸಿಲಿಕೋನ್ ಸಾಮಾನ್ಯವಾಗಿ ಪ್ಲಾಟಿನಂ ಜಾತಿ. ಅದನ್ನು ಗಟ್ಟಿ ಮಾಡುವುದು ಒಂದು ಚೂರು ಪ್ಲಾಟಿನಂ. ಗಂಧಕ ಕಂಡರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ, ಮತ್ತು ಹಲವು ಎಣ್ಣೆಮಣ್ಣುಗಳಲ್ಲಿ ಗಂಧಕ ಇರುತ್ತದೆ. ಮೂರು ದಿನ ಅಲ್ಲ, ಮೂರು ತಿಂಗಳು ಬಿಟ್ಟರೂ ಆ ಜಿಗುಟು ಗಟ್ಟಿಯಾಗುವುದಿಲ್ಲ. ಸ್ಪಿರಿಟ್ ಹಾಕಿ ಒರೆಸಿ ಬಿಸಾಕಿ.

ಇನ್ನೊಂದು ಪ್ರಶ್ನೆ. ಕೈಗೆ ಯಾವ ಗ್ಲೌಸ್ ಹಾಕಿದ್ದಿರಿ? ಲೇಟೆಕ್ಸ್ ಆದರೆ ಅದರಲ್ಲೂ ಅದೇ ಕಾಟ. ಹಲ್ಲಿನ ಅಳತೆ ತೆಗೆಯುವ ಪುಟ್ಟಿಯನ್ನು ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ನಾದಿದರೆ ಸೆಟ್ ಆಗಲು ಸತಾಯಿಸುತ್ತದೆ. ಹೊಸದಾಗಿ ಕ್ಲಿನಿಕ್ ಹಾಕಿದ ಡಾಕ್ಟರು ಯಾರಾದರೂ ಒಬ್ಬರು ಈ ತಪ್ಪು ಮಾಡಿ, ಮೆಟೀರಿಯಲ್ ಸರಿ ಇಲ್ಲ ಅಂತ ನಮಗೆ ಫೋನ್ ಮಾಡುತ್ತಾರೆ. ನೈಟ್ರೈಲ್ ಗ್ಲೌಸ್ ತಗೊಳ್ಳಿ.

ಎಂ-ಸೀಲ್ ಮೇಲೂ ಪ್ಲಾಟಿನಂ ಸಿಲಿಕೋನನ್ನು ನಂಬಬೇಡಿ. ಎಪಾಕ್ಸಿಯ ಹಾರ್ಡನರಿನಲ್ಲಿರುವ ಅಮೀನ್ ಕೂಡ ಅದಕ್ಕೆ ಆಗದು. ಗೆಳತಿ ಕೊಟ್ಟದ್ದು ತವರದ ಜಾತಿ ಇರಬೇಕು. ಅದಕ್ಕೆ ಈ ಮಡಿ-ಮೈಲಿಗೆ ಇಲ್ಲ. ಆದರೆ ಅದು ದಿನ ಕಳೆದಂತೆ ಸ್ವಲ್ಪ ಕುಗ್ಗುತ್ತದೆ, ಅಚ್ಚು ಹೆಚ್ಚು ವರ್ಷ ಬಾಳುವುದಿಲ್ಲ. ಒಂದೆರಡು ಗೊಂಬೆಗೆ ಧಾರಾಳ ಸಾಕು. ಗುಂಡೂ ಬಟ್ಟಲೂ ಒಂದೇ ಲೆಕ್ಕದಲ್ಲಿ ಕುಗ್ಗುವುದರಿಂದ ಕೀಲು ಸರಿಯಾಗಿಯೇ ಕೂರುತ್ತದೆ. ಕಣ್ಣು ಮಾತ್ರ ನೋಡಿಕೊಳ್ಳಿ! ಅಂಗಡಿಯಿಂದ ತಂದ ಗಾಜಿನ ಕಣ್ಣು ಕುಗ್ಗುವುದಿಲ್ಲ, ಕಣ್ಣಿನ ಗುಳಿ ಕುಗ್ಗುತ್ತದೆ. ಗುಳಿಯನ್ನು ಕೂದಲೆಳೆಯಷ್ಟು ದೊಡ್ಡದೇ ಇಟ್ಟುಕೊಳ್ಳಿ.

ಎಣ್ಣೆಮಣ್ಣಿನ ತಲೆಗೆ ನಾನಾದರೆ ಬೇರೆ ದಾರಿ ಹಿಡಿಯುತ್ತೇನೆ. ಮೊದಲು ಪಿ.ಓ.ಪಿ.ಯಲ್ಲಿ ಎರಡು ಹೋಳಿನ ಅಚ್ಚು. ಮಣ್ಣನ್ನು ಕೆರೆದು ತೆಗೆಯಿರಿ, ಒಳಗೆ ಸೋಪಿನ ನೀರು ಎರಡು ಮೂರು ಸಲ ಬಳಿಯಿರಿ, ಡೆಂಟಲ್ ಸ್ಟೋನ್ ಹೊಯ್ಯಿರಿ. ಅದೂ ಜಿಪ್ಸಮ್ಮೇ, ಆದರೆ ಪಿ.ಓ.ಪಿ.ಗಿಂತ ಬಹಳ ಗಟ್ಟಿ. ಗಟ್ಟಿಯಾದ ಮೇಲೆ ಹೊರಗಿನ ಪಿ.ಓ.ಪಿ.ಯನ್ನು ಉಳಿಯಲ್ಲಿ ಮೆಲ್ಲಗೆ ಒಡೆದುಹಾಕಿ. ಈಗ ನಿಮ್ಮ ಕೈಯಲ್ಲಿ ಕಲ್ಲಿನ ತಲೆ ಇದೆ. ಉಜ್ಜಬಹುದು, ಕೊರೆಯಬಹುದು, ಚೆನ್ನಾಗಿ ಒಣಗಿಸಿ ಮೇಲೆ ಸೀಲರ್ ಬಳಿದು ಯಾವ ಸಿಲಿಕೋನ್ ಬೇಕಾದರೂ ಹಾಕಬಹುದು. ಮೆತ್ತನೆ ಮಣ್ಣಿನಲ್ಲಿ ಕುತ್ತಿಗೆಯ ಬಟ್ಟಲು ಎಂದೂ ಗುಂಡಗೆ ಬರುವುದಿಲ್ಲ, ಕಲ್ಲಿನಲ್ಲಿ ಬರುತ್ತದೆ.

ಏನೇ ಮಾಡಿದರೂ ಮೊದಲು ಒಂದು ಚಮಚ ಸಿಲಿಕೋನನ್ನು ಕಾಣದ ಜಾಗಕ್ಕೆ ಹಚ್ಚಿ ನೋಡಿ. ಸಿಲಿಕೋನಿನ ಬೆಲೆ ನೋಡಿದರೆ ಇದನ್ನು ನಾನು ಹೇಳಬೇಕಾಗಿಲ್ಲ.

ಸಂಜೆಮಣ್ಣು

ಲೇಟೆಕ್ಸೇ ಸರ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದೆ. ತಲೆ ಚಚ್ಚಿಕೊಳ್ಳುವಂತಾಯಿತು.

ಗೋಲಿಸೋಡಾ

ರೆಸಿನ್ ಉಕ್ಕಿದ್ದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ, ಒಂದು ಹನಿ ಅಕ್ರಿಲಿಕ್ ಬಣ್ಣ! ಅದು ನೀರಿನ ಬಣ್ಣ. ಪಾಲಿಯುರೆಥೇನಿನ ಒಂದು ಭಾಗ ಐಸೊಸಯನೇಟ್. ಅದಕ್ಕೆ ನೀರು ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಸೋಫಾದ ಫೋಮ್ ಉಬ್ಬಿಸುವುದಕ್ಕೆ ಇದನ್ನೇ ಬೇಕೆಂದು ಮಾಡುತ್ತಾರೆ. ನೀವು ಬೇಡ ಅಂದುಕೊಂಡೇ ಫೋಮ್ ಮಾಡಿದ್ದೀರಿ.

ಅದರ ಮೇಲೆ ನಿಮ್ಮದು ಉಡುಪಿ. ಮಳೆಗಾಲದಲ್ಲಿ ಹಪ್ಪಳವೇ ಬಾಗುವ ಊರು. ಪೇಪರ್ ಕಪ್, ಐಸ್‌ಕ್ರೀಮ್ ಕಡ್ಡಿ ಬಳಸಬೇಡಿ, ಎರಡೂ ತೇವ ಹೀರಿಕೊಂಡಿರುತ್ತವೆ. ಪ್ಲಾಸ್ಟಿಕ್ ಲೋಟ, ಸ್ಟೀಲ್ ಚಮಚ ಇಟ್ಟುಕೊಳ್ಳಿ. ಡಬ್ಬಿಯ ಮುಚ್ಚಳ ತೆಗೆದು ಹತ್ತು ನಿಮಿಷ ಯೋಚಿಸುತ್ತಾ ನಿಲ್ಲಬೇಡಿ. ಅಚ್ಚನ್ನು ಹೊಯ್ಯುವ ಮುಂಚೆ ಬೆಚ್ಚಗೆ ಒಣಗಿಸಿ. ಬಣ್ಣ ಬೇಕೇ ಬೇಕಾದರೆ ಪಾಲಿಯುರೆಥೇನಿಗೆಂದೇ ಬರುವ ಪಿಗ್ಮೆಂಟ್ ಹಾಕಿ. ನನ್ನ ಕೇಳಿದರೆ ಬಿಳಿಯಾಗಿಯೇ ಹೊಯ್ದು ಮೇಲೆ ಬಣ್ಣ ಹಚ್ಚುವುದು ಒಳ್ಳೆಯದು.

ಇನ್ನು ಮಾಮೂಲಿ ಗುಳ್ಳೆ. ಬೇಗ ಗಟ್ಟಿಯಾಗುವ ರೆಸಿನ್ ಎರಡು ಮೂರು ನಿಮಿಷದಲ್ಲಿ ದಪ್ಪ ಆಗುತ್ತದೆ, ಗುಳ್ಳೆಗೆ ಮೇಲೆ ಬರಲು ಪುರುಸೊತ್ತೇ ಸಿಗುವುದಿಲ್ಲ. ಅದಕ್ಕೇ ಕಸುಬಿನವರು ಅಚ್ಚನ್ನು ಪ್ರೆಶರ್ ಪಾಟಿನಲ್ಲಿಟ್ಟು 40ರಿಂದ 60 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬುತ್ತಾರೆ, ಗುಳ್ಳೆ ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತದೆ. ದಯವಿಟ್ಟು ಅಡುಗೆಮನೆಯ ಕುಕ್ಕರಿಗೆ ಕಂಪ್ರೆಸರ್ ಪೈಪ್ ಸಿಕ್ಕಿಸುವ ಐಡಿಯಾ ಯಾರೂ ಕೊಡಬೇಡಿ. ಕುಕ್ಕರ್ ಸೀಟಿ ಹೊಡೆಯುವುದೇ 15 ಪಿ.ಎಸ್.ಐ. ಆಸುಪಾಸಿನಲ್ಲಿ, ಅದರ ಮೂರುಪಟ್ಟು ತುಂಬಿಸಿದರೆ ಅದು ಬಾಂಬು. ಪಾಟ್ ಇಲ್ಲದಿದ್ದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ರೆಸಿನ್ ಹೊಯ್ಯಿರಿ. ಒಂದು ದಿನ ಕಾಯಬೇಕು ಅಷ್ಟೇ, ಗುಳ್ಳೆ ತಾನೇ ಮೇಲೆ ಬರುತ್ತದೆ. ತೆಳ್ಳಗಿನ ಬೆರಳು ಬಿದ್ದರೆ ಮುರಿಯಬಹುದು, ಒಳಗೊಂದು ತಂತಿ ಇಡಿ.

ಮಾಸ್ಕ್ ಹಾಕಿಕೊಳ್ಳಿ. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಅಲ್ಲ, ಪೇಂಟರುಗಳು ಹಾಕುವ ಫಿಲ್ಟರ್ ಡಬ್ಬಿಯ ಮಾಸ್ಕ್. ಐಸೊಸಯನೇಟ್ ಹೊಗೆ ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಚೂರು ತಾಗಿದರೂ ಉಬ್ಬಸ ಬರಬಹುದು. ಉಜ್ಜುವಾಗ ನೀರು ಹಾಕಿ ಉಜ್ಜಿ, ಪುಡಿ ಹಾರಬಾರದು.

ಬುಗುರಿ

ಎಲ್ಲರೂ ಎರಕದ ಹಿಂದೆ ಬಿದ್ದಿದ್ದೀರಿ. ತಂಗೀ, ನಿನ್ನ ಮೂರನೇ ತೊಂದರೆಯನ್ನೇ ಮೊದಲು ಸರಿಮಾಡು. ಮೂಲದ ಕಾಲು ಒದೆಯುತ್ತಿದ್ದರೆ ಅದರಿಂದ ತೆಗೆದ ಹತ್ತು ಕಾಲೂ ಒದೆಯುತ್ತವೆ. ನೀನು ತಾಳ್ಮೆ ಕೆಟ್ಟು ಮಾಡಿದೆ ಅಂದೆಯಲ್ಲ, ಮೂಲಕ್ಕೇ ಎಲಾಸ್ಟಿಕ್ ಹಾಕಿ ನೋಡಿದ್ದು, ಆ ಕೆಲಸವೇ ಸರಿಯಾದದ್ದು. ಸಿಲಿಕೋನ್ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಮಾಡಬೇಕಿತ್ತು.

ನಾನು ಎರಡು ವರ್ಷದ ಹಿಂದೆ ಮುಧೋಳ ನಾಯಿ ಮಾಡಿದ್ದೆ. ಮೊದಲ ಸಲ ಹಿಂಗಾಲು ಪೂರ್ತಿ ತಪ್ಪಾಯಿತು, ಯಾಕಂದರೆ ನಾಯಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಅಂತಲೇ ನಾನು ನಂಬಿದ್ದೆ. ಅದು ಮೊಣಕಾಲಲ್ಲ, ಹಿಮ್ಮಡಿ! ಮೊಣಕಾಲು ಹೊಟ್ಟೆಯ ಹತ್ತಿರ ಇರುತ್ತದೆ, ನಮ್ಮದರ ಹಾಗೆಯೇ ಮಡಚುತ್ತದೆ. ನಾಯಿ ಬೆರಳ ಮೇಲೆ ನಿಂತಿರುತ್ತದೆ ಅಷ್ಟೇ. ನಿನ್ನ ಕಾಡುಪಾಪಕ್ಕೆ ಆ ಗೋಜಿಲ್ಲ, ಅಂಗಾಲಿಂದಲೇ ಕೊಂಬೆ ಹಿಡಿಯುವ ಜೀವ, ಕಾಲಿನ ಮಡಿಕೆ ಮನುಷ್ಯರದರ ಹತ್ತಿರವೇ ಇದೆ.

ಈಗ ಒದೆತ. ಎಲಾಸ್ಟಿಕ್ಕಿಗೆ ಬುದ್ಧಿ ಇಲ್ಲ, ಅದಕ್ಕೆ ಹತ್ತಿರದ ದಾರಿ ಬೇಕು. ಕಾಲು ಮಡಚಿದಾಗ ಅದರ ದಾರಿ ಉದ್ದವಾಗುತ್ತಿದ್ದರೆ ಬಿಟ್ಟ ಕೂಡಲೇ ಕಾಲನ್ನು ನೆಟ್ಟಗೆ ಮಾಡುತ್ತದೆ. ಗುಂಡಿನಲ್ಲಿ ಬರೀ ತೂತು ಕೊರೆದಿದ್ದೀಯಾ, ಸೀಳು ಕೊಟ್ಟಿದ್ದೀಯಾ? ಸೀಳು ಬೇಕು. ಕಾಲು ಮಡಚುವ ಬದಿಗೆ ತೂತಿನಿಂದ ಒಂದು ಕಾಲುವೆ ತೋಡು, ಎಲಾಸ್ಟಿಕ್ಕಿಗಿಂತ ಕೂದಲಷ್ಟು ಅಗಲ ಇದ್ದರೆ ಸಾಕು. ಗುಂಡಿನ ನಡುಮಧ್ಯ ದಾಟುವವರೆಗೆ ಆಳ ತಗೊಂಡು ಹೋಗು. ಮಡಚಿದಾಗ ಎಲಾಸ್ಟಿಕ್ ಆ ಕಾಲುವೆಯಲ್ಲಿ ಇಳಿದು ಕೂತುಬಿಡುತ್ತದೆ, ಆಗ ಮಡಚಿದ ಭಂಗಿಯೂ ಅದಕ್ಕೆ ಹತ್ತಿರದ ದಾರಿಯೇ. ಕೊನೆಯಲ್ಲಿ ಒಂದು ಸಣ್ಣ ಹಳ್ಳ ಕೊಟ್ಟರೆ ಕಾಲು ಟಕ್ ಅಂತ ಅಲ್ಲೇ ನಿಲ್ಲುತ್ತದೆ.

ಎರಡನೆಯದು ಗುಂಡು. ಕೈಯಲ್ಲಿ ಉರುಟಿದ ಗುಂಡು ಕಣ್ಣಿಗೆ ಗುಂಡಗೆ ಕಾಣುತ್ತದೆ, ಬಟ್ಟಲಲ್ಲಿ ತಿರುಗಿಸಿದಾಗ ಬಣ್ಣ ಬಯಲಾಗುತ್ತದೆ. ಸೊಂಟ, ಭುಜಕ್ಕೆ ನಾನು ಮಕ್ಕಳ ಗೋಲಿ ಇಟ್ಟುಕೊಳ್ಳುತ್ತೇನೆ, ನನ್ನ ಹತ್ತಿರ ಇರುವವು 16 ಮಿ.ಮೀ. ಗೋಲಿಗೆ ವ್ಯಾಸಲೀನ್ ಸವರಿ, ಬಟ್ಟಲು ಆಗಬೇಕಾದ ಕಡೆ ಹಸಿ ಎಂ-ಸೀಲ್ ಇಟ್ಟು ಒತ್ತಿ, ಗಟ್ಟಿಯಾದ ಮೇಲೆ ತೆಗೆದರೆ ಅಚ್ಚುಕಟ್ಟಾದ ಬಟ್ಟಲು. ಅರ್ಧ ಗುಂಡಿಗಿಂತ ಆಳ ಒತ್ತಬೇಡ, ಸಿಕ್ಕಿಹಾಕಿಕೊಳ್ಳುತ್ತದೆ. ಮೊಣಕೈ, ಮಣಿಕಟ್ಟಿಗೆ ಸಣ್ಣ ಅಳತೆ ಬೇಕಲ್ವಾ, ಅದಕ್ಕೆ ನಾನು ಚನ್ನಪಟ್ಟಣಕ್ಕೆ ಹೋದೆ. ಗೊಂಬೆ ಕಡೆಯುವ ಒಬ್ಬರ ಹತ್ತಿರ 6, 8, 10, 12 ಮಿ.ಮೀ. ಗುಂಡು ಬೇಕು ಅಂದೆ. ಇಷ್ಟು ಸಣ್ಣದು ಯಾಕಮ್ಮಾ ಅಂತ ನಕ್ಕರು, ಆದರೆ ಆಲೆ ಮರದಲ್ಲಿ ಕಡೆದು, ಅರಗು ಹಚ್ಚಿಯೇ ಕೊಟ್ಟರು. ಆ ನುಣುಪು ನನ್ನ ಯಾವ ಉಪ್ಪುಕಾಗದದಿಂದಲೂ ಬರುವುದಿಲ್ಲ.

ಎಲಾಸ್ಟಿಕ್ ಹೇಗೆ ಎಳೆದಿದ್ದೀಯಾ ಅಂತ ಬರೆದಿಲ್ಲ. ನಾಲ್ಕು ಕಾಲಿನ ಪ್ರಾಣಿಗೆ ಮೂರು ಸುತ್ತು ಬೇಕು. ಒಂದು ಕೈಯಿಂದ ಇನ್ನೊಂದು ಕೈಗೆ ಭುಜದ ಅಡ್ಡ, ಒಂದು ಕಾಲಿನಿಂದ ಇನ್ನೊಂದಕ್ಕೆ ಸೊಂಟದ ಅಡ್ಡ, ಮೂರನೆಯದು ತಲೆಯಿಂದ ಬೆನ್ನುದ್ದ. ನಾಯಿಗೆ ಇದು ಬಾಲದಲ್ಲಿ ಮುಗಿಯುತ್ತದೆ, ನಿನ್ನದಕ್ಕೆ ಬಾಲವಿಲ್ಲ, ಹಿಂದೆ ಒಳಗಡೆ ಒಂದು ಅಡ್ಡಕಂಬಿ ಕೂರಿಸಿ ಎಸ್ ಹುಕ್ಕಿನಲ್ಲಿ ಸಿಕ್ಕಿಸು. ಎಲ್ಲಾ ಒಂದೇ ಸುತ್ತಿನಲ್ಲಿ ಎಳೆದಿದ್ದರೆ ಒಂದು ಕಾಲು ಮಡಚಿದರೆ ತಲೆ ಅಲ್ಲಾಡುತ್ತದೆ.

ಇಷ್ಟಾದರೂ ಜಾರಿದರೆ ಬಟ್ಟಲಿನೊಳಗೆ ತೆಳ್ಳನೆ ಚರ್ಮದ ತುಂಡು ಅಂಟಿಸು. ಎಲಾಸ್ಟಿಕ್ ಇನ್ನೂ ಬಿಗಿ ಮಾಡಲು ಮಾತ್ರ ಹೋಗಬೇಡ, ಬಿಗಿ ಮಾಡಿದಷ್ಟೂ ಒದೆತ ಜಾಸ್ತಿ.

ರಾತ್ರಿಪಾಳಿ

ಗೊಂಬೆ ಮಾಡುವವನಲ್ಲ, ಕಾಡುಪಾಪ ನೋಡುವವನು. ತುಮಕೂರಿನ ನಾಗವಲ್ಲಿ ಕಡೆ ರಾತ್ರಿ ಟಾರ್ಚ್ ಹಿಡಿದು ಅಲೆದಿದ್ದೇನೆ, ಬೆಂಗಳೂರಿನ ಐ.ಐ.ಎಸ್‌ಸಿ. ಕ್ಯಾಂಪಸ್ಸಿನ ಮರಗಳಲ್ಲೂ ನೋಡಿದ್ದೇನೆ. ಎರಡು ವಿಷಯ. ಒಂದು, ಕೈ. ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಪೂರ್ತಿ ಅಗಲಿಸಿರುತ್ತದೆ, ತೋರುಬೆರಳು ತುಂಬಾ ಗಿಡ್ಡ. ಮನುಷ್ಯರ ಕೈಯನ್ನು ಚಿಕ್ಕದು ಮಾಡಿದ ಹಾಗೆ ಮಾಡಿದ್ದರೆ ಅದು ಇಕ್ಕಳದ ಹಾಗೆ ಕೊಂಬೆ ಹಿಡಿಯುವುದಿಲ್ಲ. ಬೆರಳಿಗೆ ಕೀಲು ಬೇಡ, ಹಿಡಿದ ಭಂಗಿಯಲ್ಲೇ ಎರಕ ಹೊಯ್ಯಿರಿ. ಎರಡು, ಕಣ್ಣು. ಟಾರ್ಚ್ ಬಿದ್ದರೆ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ, ನಾವು ಹುಡುಕುವುದೇ ಆ ಹೊಳಪಿನಿಂದ. ಗಾಜಿನ ಕಣ್ಣಿನ ಹಿಂದೆ ಸೈಕಲ್ಲಿಗೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಟೇಪಿನ ಚೂರು ಇಟ್ಟು ನೋಡಿ.

ಮಾಟಮಂತ್ರ ಅಂತ ಈ ಪಾಪದ ಪ್ರಾಣಿಯನ್ನು ಹಿಡಿದು ಹಿಂಸೆ ಕೊಡುವವರು ಇನ್ನೂ ಇದ್ದಾರೆ. ನೀವು ಗೊಂಬೆ ಮಾಡುತ್ತಿದ್ದೀರಿ ಅಂತ ಓದಿ ಖುಷಿಯಾಯಿತು.

ಸಂಜೆಮಣ್ಣು

ಹದಿನೈದು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ. ಅಕ್ಕಾ, ನೀವು ಹೇಳಿದ್ದೇ ಸರಿ, ನಾನು ಬರೀ ತೂತು ಕೊರೆದಿದ್ದೆ. ಸೀಳು ತೋಡಿದೆ. ಎಡಗಾಲಿನ ಗುಂಡು ಸೀಳುವಾಗ ಎರಡು ಹೋಳಾಯಿತು, ಗೋಲಿ ಇಟ್ಟು ಹೊಸದು ಮಾಡಿದೆ, ಹಳೆಯದಕ್ಕಿಂತ ಅದೇ ಚೆನ್ನಾಗಿದೆ. ಎಲಾಸ್ಟಿಕ್ ನಾನು ಒಂದೇ ಸುತ್ತಿನಲ್ಲಿ ಎಳೆದಿದ್ದೆ, ನಿಮಗೆ ಹೇಗೆ ಗೊತ್ತಾಯಿತೋ! ಈಗ ಮೂರು ಸುತ್ತು ಮಾಡಿದ್ದೇನೆ.

ಡೆಂಟಲ್ ಸ್ಟೋನಿನ ತಲೆ ಆಯಿತು. ಒಂದು ಕಿವಿ ಉಳಿಯ ಪೆಟ್ಟಿಗೆ ಹಾರಿಹೋಯಿತು, ಅಂಟಿಸಿದ್ದೇನೆ. ಕಣ್ಣಿನ ಗುಳಿ ದೊಡ್ಡದು ಮಾಡಿದೆ. ಎರಕಕ್ಕೆ ಎಪಾಕ್ಸಿ ತರಿಸಿದ್ದೇನೆ, ಆದರೆ ಇನ್ನೂ ಡಬ್ಬಿ ಒಡೆದಿಲ್ಲ. ಕೈಗಳನ್ನು ಮತ್ತೆ ಮಾಡಬೇಕು, ನನ್ನದಕ್ಕೆ ತೋರುಬೆರಳು ಉದ್ದವಾಗಿದೆ.

ನಿನ್ನೆ ತಲೆಯಿಲ್ಲದ ಗೊಂಬೆಯನ್ನೇ ಹಿತ್ತಲಿನ ಪೇರಳೆ ಕೊಂಬೆಗೆ ತಬ್ಬಿಸಿ ಬಿಟ್ಟೆ. ಅರ್ಧ ಗಂಟೆ ಕೂತಿತ್ತು. ಅಮ್ಮ ಬಟ್ಟೆ ಒಣಹಾಕಲು ಬಂದವರು ನೋಡಿ ಕಿರುಚಿದರು. ಬಲಗಾಲು ಮಾತ್ರ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಹಳೇ ಪರ್ಸಿನ ಚರ್ಮ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅಂಟಿಸಲು ಫೆವಿಬಾಂಡ್ ಸಾಕಾ ಅಕ್ಕಾ?

ಬುಗುರಿ

ಸಾಕು. ತೆಳ್ಳಗೆ ಹಚ್ಚು, ಒರಟು ಮುಖ ಗುಂಡಿನ ಕಡೆಗೆ ಇರಲಿ.