ಪದಚರ್ಚೆ: ನ್ಯಾನೊಕೊಳವೆ ನೀರಿನಲ್ಲಿ ‘ಕರಗುತ್ತದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಪಿಯುಸಿ ಮಕ್ಕಳಿಗಾಗಿ ನ್ಯಾನೊ ವಸ್ತುಗಳ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಸಿಗದೆ ಕೆಲಸ ನಿಂತಿದೆ.

ಇಂಗಾಲದ ನ್ಯಾನೊಕೊಳವೆಗಳನ್ನು, ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿ ಸಣ್ಣ ಕೊಳವೆಗಳನ್ನು, ಸುಮ್ನೆ ನೀರಿಗೆ ಹಾಕಿದರೆ ಬೆರೆಯುವುದಿಲ್ಲ. ಒಂದಕ್ಕೊಂದು ಅಂಟಿ, ಕಟ್ಟುಕಟ್ಟಾಗಿ, ಕಪ್ಪು ಚೂರುಗಳಂತೆ ತಳ ಸೇರುತ್ತವೆ. ಪಾಲಿವಿನೈಲ್ ಪಿರೊಲಿಡೋನ್ ಎಂಬ ಪಾಲಿಮರ್ (ಎಳೆಯಂಥ ಉದ್ದ ಅಣುಗಳ ವಸ್ತು) ಸೇರಿಸಿ ಅಲ್ಟ್ರಾಸೌಂಡ್ ಕೊಟ್ಟರೆ ಕಟ್ಟು ಬಿಚ್ಚುತ್ತದೆ, ಪಾಲಿಮರಿನ ಎಳೆ ಕೊಳವೆಗೆ ಸುತ್ತಿಕೊಳ್ಳುತ್ತದೆ. ಆಮೇಲೆ ನೀರೆಲ್ಲ ಒಂದೇ ಸಮ ಕಪ್ಪು, ತಳದಲ್ಲಿ ಗಸಿ ನಿಲ್ಲುವುದಿಲ್ಲ. 2001ರಲ್ಲಿ ರಿಚರ್ಡ್ ಸ್ಮಾಲಿ ಅವರ ತಂಡ ಇದನ್ನು ತೋರಿಸಿತು. ಫುಲರೀನ್ ಎಂಬ ಚೆಂಡಿನಾಕಾರದ ಇಂಗಾಲದ ಅಣು ಕಂಡುಹಿಡಿದದ್ದಕ್ಕೆ 1996ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಇಂಗ್ಲಿಷಿನಲ್ಲಿ ಇದಕ್ಕೆ ಸಲೀಸಾಗಿ ‘ಸೊಲ್ಯುಬಲ್’ ಅನ್ನುತ್ತಾರೆ. ನಮ್ಮ ‘ಕರಗು’ ಹಾಗಲ್ಲ. ಉಪ್ಪು ಕರಗಿತು, ಬೆಣ್ಣೆ ಕರಗಿತು, ಆಸ್ತಿ ಕರಗಿತು: ಎಲ್ಲ ಕಡೆಯೂ ಇದ್ದ ರೂಪ ಹೋಗುತ್ತದೆ. ಇಲ್ಲಿ ಕೊಳವೆ ಕೊಳವೆಯಾಗಿಯೇ ಉಳಿಯುತ್ತದೆ. ಅದರ ಮೈಯ ಬಂಧಗಳು ಒಡೆಯುವುದಿಲ್ಲ, ಹಾಗಾಗಿ ವಿದ್ಯುತ್ತಿನ ಗುಣವೂ ಹಾಳಾಗುವುದಿಲ್ಲ. ದ್ರಾವಕ ಬದಲಿಸಿದರೆ ಸುತ್ತಿದ ಎಳೆ ಬಿಚ್ಚಿಕೊಳ್ಳುವುದೂ ಉಂಟು. ಈ ವಿಧಾನದ ಹೆಚ್ಚುಗಾರಿಕೆಯೇ ಅದು. ‘ಕರಗು’ ಎಂದು ಬರೆದರೆ ಮಕ್ಕಳಿಗೆ ಅದೇ ತಪ್ಪಿಹೋಗುತ್ತದೆ, ಅಲ್ವಾ?

‘ಕದಡು’ ನೋಡಿದೆ. ಆದರೆ ಬಾವಿ ನೀರು ಕದಡಿದೆ ಎಂದರೆ ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತದೆ ಎಂಬುದು ಮಾತಿನಲ್ಲೇ ಇದೆ. ಇದು ಹಾಗೆ ಬೇಗ ತಿಳಿಯಾಗುವ ನೀರಲ್ಲ. ‘ಚದುರು’ ಎಂದರೆ ಜನ ಚದುರಿ ಮನೆಗೆ ಹೋದ ಹಾಗೆ. ಪಠ್ಯಪುಸ್ತಕದ ‘ಕಲಿಲ’ (ಇಂಗ್ಲಿಷಿನ ಕೊಲಾಯ್ಡ್) ನಾಮಪದವಾಗಿ ಸರಿ, ಆದರೆ ಅದರಿಂದ ಕ್ರಿಯಾಪದ ಹುಟ್ಟುವುದಿಲ್ಲ.

ಸದ್ಯಕ್ಕೆ ‘ನೀರಿನಲ್ಲಿ ಬಿಡಿಬಿಡಿಯಾಗಿ ಬೆರೆಸು’ ಎಂದು ಬರೆದಿದ್ದೇನೆ. ಅರ್ಥ ಸರಿಯಿದೆ, ಉದ್ದ ಜಾಸ್ತಿ. ‘ಸುತ್ತು’ ಮಾತ್ರ ಹಾಗೇ ಇರಲಿ. ಕೊಳವೆಯ ಮೈಗೆ ರಾಸಾಯನಿಕವಾಗಿ ಪರಮಾಣು ಗುಂಪುಗಳನ್ನು ಜೋಡಿಸುವ ಇನ್ನೊಂದು ವಿಧಾನಕ್ಕೆ ‘ಬೆಸೆ’ ಇಟ್ಟುಕೊಂಡರೆ ಎರಡೂ ಬೇರೆಬೇರೆ ಎಂದು ತಕ್ಷಣ ತಿಳಿಯುತ್ತದೆ.

ಇನ್ನೊಂದು ದಾರಿ ಹೊಳೆದಿದೆ. ಕಾಡಿಗೆಗೆ ಗೋಂದು ಸೇರಿಸಿ ಶಾಯಿ ಮಾಡುವುದು ಹಳೆಯ ವಿದ್ಯೆ. ಅದೂ ಇಂಗಾಲವೇ, ಗೋಂದೂ ಪಾಲಿಮರೇ. ಗಮ್ ಅರೇಬಿಕ್ ಎಂಬ ಗೋಂದಿನಿಂದ ನ್ಯಾನೊಕೊಳವೆಗಳನ್ನೂ ನೀರಿಗೆ ಬೆರೆಸಿದ್ದಾರೆ. ಉಡುಪಿ, ಮಂಗಳೂರು ಕಡೆಯ ಹಿರಿಯರಲ್ಲಿ ಮನೆಯಲ್ಲೇ ಶಾಯಿ ಅರೆದದ್ದನ್ನು ಕಂಡವರಿದ್ದರೆ ದಯವಿಟ್ಟು ಹೇಳಿ: ಕಾಡಿಗೆ ತಳ ಹಿಡಿಯದೆ ನೀರಿನಲ್ಲಿ ನಿಂತರೆ ಅದಕ್ಕೆ ಏನನ್ನುತ್ತಿದ್ದರು? ತುಳು ಪದವಾದರೂ ಆದೀತು.